ತಾಮ್ರ ಕೈಯಲ್ಲಿದ್ದಾಗ ಮಾತಿಲ್ಲ

ಎಮರಿವಿಲ್‌ನಲ್ಲಿ ಅನಿಮೇಷನ್ ಚಿತ್ರಗಳಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದ ಪರಿಚಯದ ಹುಡುಗಿಯೊಬ್ಬಳು ಅದನ್ನು ಬಿಟ್ಟು ಹಳೆಯ ನಾಣ್ಯಗಳ ಅಂಗಡಿಗೆ ಸೇರುತ್ತಿದ್ದಾಳೆ. ಒಳಗೆ ಕೆಲಸ ಹೇಗಿರುತ್ತದೆ ಎಂದು ನನ್ನನ್ನು ಕೇಳಿದಳು. ಫೋನಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅವಸರದಲ್ಲಿ ಹೇಳಿದರೆ ನೋಡಿದ್ದು, ಕೇಳಿದ್ದು, ಊಹಿಸಿದ್ದು ಎಲ್ಲ ಕಲಸಿಹೋಗುತ್ತವೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಕ್ಯಾಂಪ್‌ಬೆಲ್‌ನ ಹಳೆಯ ಪೇಟೆಬೀದಿಯ ಸಣ್ಣ ಅಂಗಡಿಯೊಂದರಲ್ಲಿ. ಒಂದು ಪಕ್ಕಕ್ಕೆ ಬೇಕರಿ, ಇನ್ನೊಂದು ಪಕ್ಕಕ್ಕೆ ಸೈಕಲ್ ರಿಪೇರಿ. ಮಾಲೀಕರು ವಾಲ್ಟರ್. ಬೆಳ್ಳಿ ನಾಣ್ಯ, ಚಿನ್ನದ ನಾಣ್ಯ ಎಲ್ಲವನ್ನೂ ಮಾರುತ್ತಿದ್ದರು, ಆದರೆ ಅವರ ಜೀವವಿದ್ದದ್ದು ತಾಮ್ರದ ಟೋಕನ್‌ಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದಲ್ಲಿ ಎರಡು ಸಲ, ಬ್ಯಾಂಕುಗಳು ಮುಳುಗಿದಾಗ ಒಮ್ಮೆ, ಅಂತರ್ಯುದ್ಧದಲ್ಲಿ ಇನ್ನೊಮ್ಮೆ, ಜನ ಚಿಲ್ಲರೆ ಕಾಸನ್ನು ಮನೆಯೊಳಗೆ ಅಡಗಿಸಿಟ್ಟುಬಿಟ್ಟರು. ವ್ಯಾಪಾರ ನಿಲ್ಲಬಾರದಲ್ಲ. ಅಂಗಡಿಯವರು ತಾವೇ ತಾಮ್ರದ ಬಿಲ್ಲೆಗಳನ್ನು ಅಚ್ಚು ಹಾಕಿಸಿಕೊಂಡರು. ಗಾತ್ರ, ತೂಕ ಸರ್ಕಾರಿ ಸೆಂಟಿನ ಹತ್ತಿರಹತ್ತಿರ. ಒಂದು ಮಗ್ಗುಲಿಗೆ ಸೆಂಟಿನ ಮೇಲಿರುವಂಥದೇ ಹೆಣ್ಣುಮುಖ, ಇನ್ನೊಂದು ಮಗ್ಗುಲಿಗೆ ಅಂಗಡಿಯ ಹೆಸರು ಮತ್ತು ಗುರುತು: ಬೂಟು, ಗಡಿಯಾರ, ಕೊಡೆ. ಕಾನೂನಿಗೆ ಹೆದರಿದ ಕೆಲವರು ಅದರ ಮೇಲೇ ‘ಸೆಂಟ್ ಅಲ್ಲ’ ಎಂದು ಕೆತ್ತಿಸಿದರು. ಆದರೂ ಜನ ಅದನ್ನು ಸೆಂಟಿನ ಹಾಗೇ ಬಳಸಿದರು. ವಾಲ್ಟರ್ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದರು.

ನನ್ನ ತವರು ಮೈಸೂರಿನ ಮಂಡಿ ಮೊಹಲ್ಲಾ. ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹಿತ್ತಾಳೆ, ತಾಮ್ರ ಯಾವುದೇ ಇರಲಿ, ಮೊದಲು ಉಜ್ಜಿ ಕೆಂಪಗೆ ಮಾಡದೆ ಅವರು ಒಲೆಯ ಹತ್ತಿರಕ್ಕೂ ಒಯ್ಯುತ್ತಿರಲಿಲ್ಲ. ಯಜಮಾನರ ಕೆಲಸದಿಂದಾಗಿ ಈ ಊರಿಗೆ ಬಂದೆವು. ಮಕ್ಕಳು ಶಾಲೆ ಸೇರಿದ ಮೇಲೆ ನಾನು ಕೆಲಸ ಹುಡುಕಿ ವಾಲ್ಟರ್ ಅಂಗಡಿಗೆ ಹೋದೆ. ಅವರು ಕರ್ರಗಿನ ಒಂದು ಟೋಕನನ್ನು ನನ್ನ ಮುಂದಿಟ್ಟು, ಇದಕ್ಕೆ ಏನು ಮಾಡುತ್ತೀಯ ಎಂದು ಕೇಳಿದರು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತೇನೆ ಎಂದೆ. ಅವರು ಟೋಕನನ್ನು ಮೆಲ್ಲಗೆ ತೆಗೆದು ನನ್ನ ಕೈಗೆಟುಕದಷ್ಟು ದೂರ ಇಟ್ಟರು. ಆಮೇಲೆ ಮೂಲೆಯ ಒಂದು ಟ್ರೇ ತಂದು ತೋರಿಸಿದರು. ಅದರ ತುಂಬ ಯಾರ್ಯಾರೋ ತೊಳೆದು ತಂದಿದ್ದ ಟೋಕನ್‌ಗಳು, ಹೊಸ ಚರ್ಮದ ಹಾಗೆ ನಸುಗೆಂಪಗೆ. ಕಳ್ಳರಿಗಿಂತ ಸೋಪು ಹೆಚ್ಚು ಹಾಳುಮಾಡಿದೆ ಎಂದರು. ತಾಮ್ರದ ಮೇಲೆ ಕಾಲ ಕೂರಿಸಿದ ಕಂದು ಒಮ್ಮೆ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಪ್ಪ ಬದುಕಿದ್ದಾಗ ಇದನ್ನು ಹೇಳಿದ್ದೆ. ಕೊಳೆ ಬಿಟ್ಟುಕೊಂಡಿರಲು ಸಂಬಳ ಕೊಡುತ್ತಾರಾ ಎಂದು ಎರಡೆರಡು ಸಲ ಕೇಳಿದರು.

ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ತಾಮ್ರ ಕೈಯಲ್ಲಿದ್ದಾಗ ಯಾರೂ ಮಾತಾಡುವಂತಿಲ್ಲ. ಮಾತಿನ ಜೊತೆ ಕಣ್ಣಿಗೆ ಕಾಣದ ಉಗುಳಿನ ಹನಿ ಸಿಡಿಯುತ್ತದೆ. ಆಗ ಏನೂ ಕಾಣುವುದಿಲ್ಲ, ಕೆಲವು ತಿಂಗಳ ಮೇಲೆ ಅಲ್ಲಿ ಕರಿಚುಕ್ಕೆ ಏಳುತ್ತದೆ. ಮಾತಾಡಬೇಕಾದರೆ ಮೊದಲು ಟೋಕನನ್ನು ಮಖಮಲ್ ಬಟ್ಟೆಯ ಮೇಲೆ ಇಡಬೇಕು. ಗಿರಾಕಿಗಳಿಗೂ ಇದೇ ನಿಯಮ. ಮೊದಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ನನಗೆ ಎಷ್ಟು ಒಗ್ಗಿಹೋಯಿತೆಂದರೆ ಮನೆಯಲ್ಲಿ ಗುಂಡಿ ಹೊಲಿಯುವಾಗಲೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಇವಳ ಮಾತು ನಿಲ್ಲಿಸಬೇಕಾದರೆ ಕೈಗೊಂದು ಕಾಸು ಕೊಟ್ಟರಾಯಿತು ಎಂದು ಯಜಮಾನರು ನೆಂಟರ ಮುಂದೆ ಹೇಳಿ ನಗುತ್ತಿದ್ದರು. ಈ ಪದ್ಧತಿಯಿಂದ ಇನ್ನೊಂದು ಲಾಭವಿತ್ತು. ಪೂರ್ತಿ ನೋಡಿ ಮುಗಿಸುವವರೆಗೆ ಅಭಿಪ್ರಾಯ ಹೇಳಲು ಆಗುತ್ತಿರಲಿಲ್ಲ.

ವಾಲ್ಟರ್ ತಪ್ಪೇ ಮಾಡದವರಲ್ಲ. ಒಮ್ಮೆ ಗಿರಾಕಿಗಳ ಟೋಕನ್‌ಗಳನ್ನು ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿಟ್ಟರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಬೆವರಿ, ತಾಮ್ರದ ಮೇಲೆ ಹಸಿರು ಜಿಡ್ಡು ಕೂತಿತ್ತು. ಅದನ್ನು ಮೊದಲು ನೋಡಿದವರೂ ಅವರೇ. ಇನ್ನೂ ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು ಒಬ್ಬೊಬ್ಬರಿಗೂ ತಾವೇ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. ಪ್ರತಿ ಸಲವೂ ಮೊದಲ ವಾಕ್ಯ ಒಂದೇ: ನಿಮ್ಮದನ್ನು ನಾನು ಕೆಡಿಸಿದ್ದೇನೆ. ನೆಪವೇನಿದ್ದರೂ ಎರಡನೆಯ ವಾಕ್ಯದಲ್ಲಿ ಬರಬೇಕು ಎಂದು ನನಗೆ ಆಮೇಲೆ ಹೇಳಿದರು. ಎರಡನೆಯ ವಾಕ್ಯ ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಟೋಕನ್ನಿನ ವಿವರವನ್ನು ಮಾತಿನಲ್ಲೇ ಬರೆಯಬೇಕಿತ್ತು: ಎಲ್ಲಿ ಸವೆತ, ಎಲ್ಲಿ ಗೀರು, ಅಂಚಿನಲ್ಲಿ ಪೆಟ್ಟು ಬಿದ್ದದ್ದು ಗಡಿಯಾರದ ಯಾವ ಅಂಕಿಯ ಜಾಗದಲ್ಲಿ. ಆಮೇಲೆ ಕ್ಯಾಮೆರಾ ಬಂತು, ಎಲ್ಲರ ಜೇಬಿನಲ್ಲೂ ಫೋನು ಬಂತು. ಫೋಟೋ ಒಳ್ಳೆಯದೇ. ಆದರೆ ಅದು ಎಲ್ಲಕ್ಕಿಂತ ಮೊದಲು ತೋರಿಸುವುದು ಬಣ್ಣವನ್ನು, ಎಲ್ಲಕ್ಕಿಂತ ಹೆಚ್ಚು ಸುಳ್ಳು ಹೇಳುವುದೂ ಬಣ್ಣದಲ್ಲೇ. ದೀಪ ಹಳದಿಯಿದ್ದರೆ ಒಂದು, ಬಿಳಿಯಿದ್ದರೆ ಇನ್ನೊಂದು. ಹೊಸದಾಗಿ ಸೇರುವವರು ಬಣ್ಣವನ್ನು ಕೊನೆಗೆ ನೋಡಬೇಕು. ಇದನ್ನು ಬರೆಯುವುದು ಸುಲಭ. ಬೂಟಿನ ಟೋಕನ್ನಿನ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಅದು ಸುಲಭವಾಗಲಿಲ್ಲ.

ಪ್ರಕಾಶ್ ಎನ್ನುವವರು ನಮ್ಮ ಅಂಗಡಿಯ ಹಳೆಯ ಗಿರಾಕಿ. ಮಂಡ್ಯ ಕಡೆಯವರು, ಮೌಂಟನ್ ವ್ಯೂನಲ್ಲಿ ಕೆಲಸ, ಮನೆಯೂ ಅಲ್ಲೇ. ಶನಿವಾರ ಸೈಕಲ್ಲಿನಲ್ಲಿ ಬಂದು ಮಧ್ಯಾಹ್ನದವರೆಗೂ ಕೂರುತ್ತಿದ್ದರು. ಅವರಿಗೆ ಮೊದಲ ಭೂತಗನ್ನಡಿ ಕೊಟ್ಟು ನೋಡುವುದನ್ನು ಕಲಿಸಿದವರು ವಾಲ್ಟರೇ. ಪ್ರಕಾಶ್ ಹತ್ತಿರ ಚಮ್ಮಾರನೊಬ್ಬನ ಟೋಕನ್ ಇತ್ತು. ಒಂದು ಕಡೆ ಬೂಟು, ಇನ್ನೊಂದು ಕಡೆ ಹೆಣ್ಣುಮುಖ. ಬೂಟಿನ ಟೋಕನ್ ಅಪರೂಪದ್ದಲ್ಲ. ಅಚ್ಚು ಬಿರುಕು ಬಿಟ್ಟ ಮೇಲೂ ಅದರಲ್ಲೇ ಒಂದಷ್ಟು ಹೊಡೆದಿದ್ದರು. ಅವುಗಳಲ್ಲಿ ಮಾತ್ರ ಬೂಟಿನ ಹಿಮ್ಮಡಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಉಬ್ಬುಗೆರೆ ಇರುತ್ತದೆ. ಅದು ಬಲು ಅಪರೂಪ. ಪ್ರಕಾಶ್ ಹತ್ತಿರವಿದ್ದದ್ದು ಅದು, ಹಳೆಯ ಬೆಲ್ಲದ ಬಣ್ಣದ್ದು.

ಸಂಗ್ರಾಹಕರ ಸಂಘದ ವಾರ್ಷಿಕ ಪ್ರದರ್ಶನಕ್ಕೆಂದು ಅವರು ಅದನ್ನು ಫೋಟೋ ತೆಗೆಯಲು ಅಂಗಡಿಗೆ ಕೊಟ್ಟರು. ವಾಲ್ಟರ್ ಫೋಟೋ ತೆಗೆದು ಲಕೋಟೆಯಲ್ಲಿ ಹಾಕಿ ವಾಪಸು ಕೊಟ್ಟರು. ಆ ದಿನ ನಾನು ರಜೆಯಲ್ಲಿದ್ದೆ, ಲಕೋಟೆಗೆ ಹಾಕಿದ್ದನ್ನು ನಾನು ನೋಡಿಲ್ಲ. ಪ್ರಕಾಶ್ ಅವಸರದಲ್ಲಿದ್ದು ತೆರೆದು ನೋಡದೆ ಒಯ್ದರಂತೆ. ಬ್ಯಾಂಕಿನ ಲಾಕರಿಗೆ ಹೋಗಬೇಕಾಗಿದ್ದ ಲಕೋಟೆ ಮನೆಯ ಡ್ರಾಯರಿನಲ್ಲಿ ಉಳಿಯಿತು. ಕೆಲವು ವಾರಗಳ ನಂತರ ತೆರೆದರೆ ಒಳಗಿದ್ದದ್ದು ನಸುಗೆಂಪಗೆ ಹೊಳೆಯುವ ಟೋಕನ್.

ಅಂಗಡಿಗೆ ಬಂದಾಗ ಅವರು ಕೂರಲಿಲ್ಲ. ತೊಳೆದು ಹಾಳಾದ ಸಾಧಾರಣ ಬೂಟೊಂದನ್ನು ಕೊಟ್ಟು ತಮ್ಮದನ್ನು ಇಟ್ಟುಕೊಂಡಿದ್ದೀರಿ ಎಂದರು. ಗೆರೆ ಇದೆಯೇ ನೋಡಿದಿರಾ ಎಂದು ವಾಲ್ಟರ್ ಕೇಳಿದರು. ನೋಡಿದೆ, ಇಲ್ಲ ಎಂದರು. ಒಮ್ಮೆ ಕೊಡಿ ಎಂದಾಗ, ಇನ್ನೊಮ್ಮೆ ನಿಮ್ಮ ಕೈಗೆ ಕೊಡುವುದಿಲ್ಲ ಎಂದು ಫೋನಿನಲ್ಲಿ ಫೋಟೋ ಮಾತ್ರ ತೋರಿಸಿದರು. ಫೋಟೋದಲ್ಲಿ ಹೊಳಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದೇ ವಾರ ವಿಷಯ ಸಂಘಕ್ಕೆ ಹೋಯಿತು. ಇತ್ಯರ್ಥವಾಗುವವರೆಗೆ ಪ್ರದರ್ಶನದಲ್ಲಿ ನಿಮ್ಮ ಮೇಜು ಬೇಡ ಎಂದು ಸಂಘದವರು ವಾಲ್ಟರ್‌ಗೆ ಸೌಜನ್ಯದಿಂದಲೇ ಹೇಳಿದರು. ಈ ವೃತ್ತಿಯಲ್ಲಿ ಜನ ತಮ್ಮ ವಸ್ತುವನ್ನು ನಿಮ್ಮ ಕೈಗೆ ಕೊಟ್ಟು ಮನೆಗೆ ಹೋಗುತ್ತಾರೆ. ಆ ನಂಬಿಕೆ ಹೋದರೆ ಅಂಗಡಿಗೆ ಬೀಗ.

ಆದರೆ ವಾಲ್ಟರ್ ಹೆದರಿದ್ದು ಅಂಗಡಿಗಾಗಿ ಅಲ್ಲ. ತೊಳೆದ ಟೋಕನ್‌ಗಳ ಟ್ರೇಯಲ್ಲಿ ಸಾಧಾರಣ ಬೂಟೊಂದು ಇತ್ತೆಂದು ಅವರಿಗೆ ನೆನಪಿತ್ತು. ಹುಡುಕಿದೆವು, ಸಿಗಲಿಲ್ಲ. ಫೋಟೋ ತೆಗೆದ ದಿನ ಆ ಟ್ರೇ ತಮ್ಮ ಮೇಜಿನ ಮೇಲೇ ಇತ್ತು ಎಂದರು. ಆ ವರ್ಷ ಅವರ ಕೈ ನಡುಕ ಹೆಚ್ಚಾಗಿತ್ತು, ಕಾರು ನಿಲ್ಲಿಸಿದ ಜಾಗ ಮರೆಯುತ್ತಿದ್ದರು, ನನಗಿಂತ ಮೊದಲು ಕೆಲಸಕ್ಕಿದ್ದವಳ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದರು. ಟ್ರೇಯ ಖಾಲಿ ಜಾಗದ ಮೇಲೆ ಬೆರಳಿಟ್ಟು ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಲಕೋಟೆಗೆ ಯಾವುದನ್ನು ಹಾಕಿದೆ ಅಂತ ನನಗೆ ನೆನಪಿಲ್ಲ, ನಸೀಮಾ. ಬೇರೆಯವರು ಸುಳ್ಳು ಹೇಳಿದರೆ ಕಂಡುಹಿಡಿಯಬಲ್ಲೆ. ನನ್ನ ತಲೆಯೇ ಹೇಳಿದರೆ?”

ಮಾರನೆಯ ದಿನದಿಂದ ಅವರು ತಾಮ್ರ ಮುಟ್ಟಲಿಲ್ಲ. ಗಿರಾಕಿ ಬಂದರೆ ನನ್ನ ಕಡೆ ತೋರಿಸುತ್ತಿದ್ದರು. ಕೊನೆಗೊಂದು ದಿನ, ನೀನು ಹೋಗಿ ನೋಡಿ ಬಾ ಎಂದರು. ಬದಲಾಯಿಸಿದ್ದು ನಾನೇ ಆಗಿದ್ದರೆ ಹಾಗೇ ಹೇಳು, ಗೊತ್ತಿಲ್ಲದೆ ಇರುವುದು ಅದಕ್ಕಿಂತ ಕಷ್ಟ ಎಂದರು.

ಪ್ರಕಾಶ್‌ಗೆ ಫೋನು ಮಾಡಿದೆ. “ನೀವಾದ್ರೆ ಬನ್ನಿ ಮೇಡಂ. ಆದ್ರೆ ಅವರ ಪರ ಮಾತಾಡೋಕೆ ಬರೋದಾದ್ರೆ ಬೇಡ” ಎಂದರು.

“ನೋಡೋಕೆ ಬರ್ತೀನಿ” ಎಂದೆ. “ಮಾತು ಆಮೇಲೆ.”

ನಾನು ಹೋದಾಗ ಪ್ರಕಾಶ್ ಮೀಟಿಂಗಿನಲ್ಲಿದ್ದರು. ಮುಚ್ಚಿದ ಬಾಗಿಲಿನ ಆಚೆ ಅವರ ಇಂಗ್ಲಿಷು ಕೇಳುತ್ತಿತ್ತು. ಅವರ ತಾಯಿ ಚಿಕ್ಕತಾಯಮ್ಮ ಮಗನ ಮನೆಯಲ್ಲಿ ಆರು ತಿಂಗಳಿರಲು ಊರಿನಿಂದ ಬಂದಿದ್ದರು. ಕಾಫಿ ತಂದುಕೊಟ್ಟು ಎದುರಿಗೆ ಕೂತು ಯಾವೂರವ್ವ ಎಂದು ಕೇಳಿದರು. ಮೈಸೂರು, ಹೆಸರು ನಸೀಮಾ ಎಂದೆ. ನೀನು ಹೇಳದೇ ಹೋದರೆ ಸಾಬರು ಅಂತ ಗೊತ್ತೇ ಆಗುತ್ತಿರಲಿಲ್ಲ, ಮಾತು ನಮ್ಮ ಹಂಗೇ ಇದೆ ಎಂದು ಸಂತೋಷಪಟ್ಟರು. ಈ ಮನೆಯಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ಮೊಮ್ಮಗಳಿಗೆ ಹತ್ತು ಮಾತು ಕೇಳಿದರೆ ‘ಓಕೆ ಅಜ್ಜಿ’ ಎಂಬ ಎರಡೇ ಮಾತು ಎಂದರು. ನಾನು ಯಾವ ಅಂಗಡಿಯವಳು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಯಾವನೋ ಅಂಗಡಿಯವ್ನು ನನ್ ಮಗುಂಗೆ ಮೋಸ ಮಾಡವ್ನಂತೆ ಕಣವ್ವ. ಏನು ಎತ್ತ ಅಂತ ನಂಗೊಬ್ರೂ ಬುಡಿಸಿ ಹೇಳಾಕಿಲ್ಲ. ಹುಡ್ಗ ಊಟ ಬುಟ್ಟವ್ನೆ. ಕೈ ಸೇದೋಗ ಅವಂದು.”

ಕೈ ಸ್ವಾಧೀನ ತಪ್ಪಿಹೋಗಲಿ ಎಂಬ ಶಾಪ ಅದು. ನಾನು ಕಾಫಿ ಕುಡಿದೆ. ಅಪ್ಪ ಏನು ಮಾಡುತ್ತಿದ್ದರು ಎಂದು ಅವರು ಕೇಳಿದರು. ಕಲಾಯಿ ಹಾಕುತ್ತಿದ್ದರು ಎಂದದ್ದೇ ತಡ, ಹಂಗಾರೆ ನಿಂಗೆ ತೋರುಸ್ಬೇಕು ಎಂದು ಎದ್ದು ದೇವರ ಗೂಡಿನಿಂದ ತಾಮ್ರದ ಚೊಂಬನ್ನು ತಂದರು. ಅದು ನಸುಗೆಂಪಗೆ ಫಳಫಳ ಹೊಳೆಯುತ್ತಿತ್ತು. ಸೊಸೆ ಪಾತ್ರೆ ತೊಳೆಯುವ ಮಿಷನ್ನಿಗೆ ಹಾಕಿ ಕಪ್ಪುಗಟ್ಟಿಸಿದ್ದಳಂತೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮನೆಯಲ್ಲಿದ್ದ ತಾಮ್ರವನ್ನೆಲ್ಲ ಗುಡ್ಡೆ ಹಾಕಿಕೊಂಡು ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿದರಂತೆ.

“ಕಳಸಕ್ಕೆ ಹಾಕಾಕೆ ತಾಮ್ರದ ಕಾಸೇ ಇರ್ನಿಲ್ಲ ಈ ದೇಸದಲ್ಲಿ. ಡ್ರಾದಲ್ಲಿ ಕವರ್ ಒಳ್ಗೆ ಒಂದು ಸಿಕ್ತು. ಕರ್ರಗಿತ್ತು, ಹೆಣ್ದೇವ್ರ ಮುಖ ಇತ್ತು ಅದ್ರಾಗೆ, ತಲೆಗೇನೋ ಕಟ್ಕಂಡಿದ್ಲು. ಚೆಂದಾಗಿ ತೊಳ್ದು ಕಳಸಕ್ಕೆ ಹಾಕ್ದೆ. ಪೂಜೆ ಆದ್ಮೇಲೆ ಒರೆಸಿ, ಎಲ್ಲಿತ್ತೋ ಅಲ್ಲೇ ಮಡಗಿದೆ.”

ಲೋಟ ಕೆಳಗಿಟ್ಟೆ.  ಅವರು ಹೇಳಿದ್ದನ್ನು ನಾನು ಕೇಳಿದ್ದೆ, ಅಷ್ಟೆ. ಆ ಕಾಸು ಯಾವುದೆಂದು ಇನ್ನೂ ನೋಡಿರಲಿಲ್ಲ. ಟ್ರೇಯಲ್ಲಿದ್ದ ಸಾಧಾರಣ ಬೂಟೂ ತೊಳೆದು ವರ್ಷಗಳಾಗಿ ಮತ್ತೆ ಕರ್ರಗಾಗಿದ್ದಿರಬಹುದು. ವಾಲ್ಟರ್ ತಪ್ಪು ಮಾಡಿರಲು ಇನ್ನೂ ಅವಕಾಶವಿತ್ತು.

ಪ್ರಕಾಶ್ ಹೊರಗೆ ಬಂದು ಲಕೋಟೆ ತಂದಿಟ್ಟರು. ಅಂಗೈಯಷ್ಟು ಮಖಮಲ್ ಬಟ್ಟೆಯನ್ನು ನಾನು ಜೊತೆಗೇ ಒಯ್ದಿದ್ದೆ. ಅದನ್ನು ಹಾಸಿ, ಟೋಕನನ್ನು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ನೇರ ಬೆಳಕಿನಲ್ಲಿ ಬರೀ ಹೊಳಪು. ಓರೆ ಮಾಡಿ ನಿಧಾನವಾಗಿ ತಿರುಗಿಸಿದಾಗ ಹಿಮ್ಮಡಿಯ ಹತ್ತಿರ ಗೆರೆ ಎದ್ದಿತು. ಉಜ್ಜಿದ್ದಕ್ಕೆ ನೆತ್ತಿ ಸವೆದು ತೆಳ್ಳಗಾಗಿತ್ತು, ಆದರೆ ಅಂಚಿನವರೆಗೂ ಇತ್ತು. ಅಕ್ಷರಗಳ ಸಂದಿಯಲ್ಲಿ ಹುಣಸೆಹುಳಿ ತಲುಪದ ಕಡೆ ಹಳೆಯ ಕಂದು ಉಳಿದಿತ್ತು. ಅಂಚಿನಲ್ಲಿ ನಾಲ್ಕು ಗಂಟೆಯ ಜಾಗದಲ್ಲಿ ಸಣ್ಣ ಪೆಟ್ಟು. ವಾಲ್ಟರ್ ತೆಗೆದ ಫೋಟೋವನ್ನೂ ಒಯ್ದಿದ್ದೆ, ಅದರ ಜೊತೆ ಹೋಲಿಸಿದೆ. ಅದೇ ಜಾಗ, ಅದೇ ಆಕಾರ.

“ಏನ್ ಮೇಡಂ?” ಎಂದರು ಪ್ರಕಾಶ್. ನಾನು ಮಾತಾಡಲಿಲ್ಲ. ನಮ್ಮ ಪದ್ಧತಿ ಅವರಿಗೆ ಗೊತ್ತಿತ್ತು, ಸುಮ್ಮನಾದರು. ನೋಡುವುದು ಮುಗಿದಿತ್ತು. ಆದರೂ ನಾನು ಅದನ್ನು ಕೆಳಗಿಡಲಿಲ್ಲ. ಕೆಳಗಿಟ್ಟರೆ ಹೇಳಬೇಕು. ಚಿಕ್ಕತಾಯಮ್ಮ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಇಟ್ಟೆ.

“ಇದು ನಿಮ್ಮದೇ. ಗೆರೆ ಇದೆ, ತೋರಿಸ್ತೀನಿ. ಬದಲಾಗಿಲ್ಲ. ತೊಳೆದಿದ್ದಾರೆ, ಅಷ್ಟೇ.”

“ಯಾರು? ಅಂಗಡೀಲೇ?”

“ಅಂಗಡೀಲಿ ಅಲ್ಲ” ಎಂದೆ. ಆಗ ನಾನು ಟೋಕನನ್ನಷ್ಟೇ ನೋಡುತ್ತಿದ್ದೆ. ಮುಂದಿನದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಯೋಚಿಸುತ್ತಿರುವಾಗ ಚಿಕ್ಕತಾಯಮ್ಮ ಬಗ್ಗಿ ಮೇಜಿನ ಮೇಲಿದ್ದುದನ್ನು ನೋಡಿದರು.

“ಈ ಕಾಸಾ? ಇದ ನಾನೇ ಅಲ್ವ ತೊಳ್ದದ್ದು, ಹಬ್ಬಕ್ಕೆ.”

ವಾರಗಟ್ಟಲೆ ಆ ಮನೆಯಲ್ಲಿ ಈ ಜಗಳ ನಡೆದದ್ದು ಇಂಗ್ಲಿಷಿನಲ್ಲಿ. ಯಾವ ವಸ್ತುವಿನ ಬಗ್ಗೆ ಎಂದು ಅವರಿಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಪ್ರಕಾಶ್ ಭೂತಗನ್ನಡಿ ಇಸಿದುಕೊಂಡು ಗೆರೆಯನ್ನು ತಾವೇ ನೋಡಿದರು. ಕೂತರು. “ಅದನ್ನ ಯಾಕಮ್ಮ ಮುಟ್ಟೋಕೆ ಹೋದೆ” ಎಂದರು. ದನಿ ಜೋರಾಗಿಯೇ ಇತ್ತು.

“ಕೊಳೆ ಆಗಿತ್ತು ಕಣಪ್ಪ.”

“ಆ ಕೊಳೆಗೇ ಅಮ್ಮ ಬೆಲೆ.”

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. ಕಲಾಯಿಯವನ ಮಗಳಾದ ನಾನು ನಿಜ ಹೇಳುತ್ತೇನೆಂದು ಅವರು ನಂಬಿದಂತಿತ್ತು. “ಕೊಳೆಗಾ?” ಎಂದರು. ಹೌದಮ್ಮ ಎಂದೆ. ಅವರು ಸ್ವಲ್ಪ ಹೊತ್ತು ಚೊಂಬನ್ನು ನೋಡಿದರು. ಅವರ ಮುಂದಿನ ಪ್ರಶ್ನೆ ಬೆಲೆಯದ್ದಾಗಿರಲಿಲ್ಲ.

“ಹಂಗಾರೆ ಆ ಅಂಗಡಿಯವ್ರು?”

“ಅವರೇನೂ ಮಾಡಿಲ್ಲಮ್ಮ. ನಾನು ಅವರ ಅಂಗಡಿಯವಳೇ.”

“ನಾನು ಬೈದ್ಬುಟ್ನಲ್ಲ” ಎಂದರು. ಚೊಂಬನ್ನು ಮೇಜಿನ ಮೇಲಿಟ್ಟು ಮಗನಿಗೆ, “ನನ್ನ ಅಲ್ಲಿಗೆ ಕರ್ಕಂಡೋಗು” ಎಂದರು.

ಪ್ರಕಾಶ್ ನನ್ನ ಮುಂದೆಯೇ ಸಂಘದವರಿಗೆ ಫೋನು ಮಾಡಿದರು. ಟೋಕನ್ ತಮ್ಮದೇ, ಕೆಟ್ಟದ್ದು ತಮ್ಮ ಮನೆಯಲ್ಲೇ, ವಾಲ್ಟರ್ ಮೇಲೆ ತಪ್ಪು ಹೊರಿಸಿದ್ದೇನೆ ಎಂದರು. ತಾಯಿಯ ಮಾತೆತ್ತಲಿಲ್ಲ. ಆಮೇಲೆ ನಾನು ವಾಲ್ಟರ್‌ಗೆ ಮಾಡಿದೆ. ವಿಷಯ ಕೇಳಿ ಅವರು, ನಿನಗೆ ಖಂಡಿತವೇ ಎಂದರು. ಖಂಡಿತ ಎಂದೆ. ನಾನೇ ನೋಡಬೇಕು ಎಂದರು.

ಶನಿವಾರ ತಾಯಿ, ಮಗ ಅಂಗಡಿಗೆ ಬಂದರು. ಚಿಕ್ಕತಾಯಮ್ಮ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಮಗನ ಜಾಕೆಟ್ ತೊಟ್ಟಿದ್ದರು. ಪ್ರಕಾಶ್ ಕ್ಷಮೆ ಕೇಳಲು ಬಾಯಿ ತೆರೆದರು. ವಾಲ್ಟರ್ ಆಗಲೇ ಟೋಕನ್ನಿಗೆ ಕೈ ಚಾಚಿದ್ದರು. ಅದು ಅವರ ಬೆರಳಿಗೆ ಬಂದ ಮೇಲೆ ಎಲ್ಲರೂ ಸುಮ್ಮನಾದೆವು. ಇದು ಇಲ್ಲಿನ ಪದ್ಧತಿ ಎಂದು ನಾನು ಮೊದಲೇ ಹೇಳಿದ್ದರಿಂದ ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು.

ವಾಲ್ಟರ್ ಬಹಳ ಹೊತ್ತು ನೋಡಿದರು. ಕೈ ನಡುಗುತ್ತಿದ್ದರಿಂದ ಗೆರೆಗೆ ಬೆಳಕು ಸಿಗುತ್ತಿರಲಿಲ್ಲ. ನಾನು ಹಿಡಿದುಕೊಳ್ಳಲೇ ಎಂದು ಸನ್ನೆ ಮಾಡಿದೆ, ತಲೆಯಾಡಿಸಿದರು. ಮೊಣಕೈಗಳನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿಂದ ಅಂಚಿನ ಪೆಟ್ಟಿಗೆ ಹೋದರು, ಅಕ್ಷರಗಳ ಸಂದಿಗೆ ಹೋದರು, ಮತ್ತೆ ಗೆರೆಗೆ ಬಂದರು. ಆಮೇಲೆ ಟೋಕನನ್ನು ಮಖಮಲ್ ಮೇಲಿಟ್ಟು, ಕನ್ನಡಕ ತೆಗೆದು, “ನಾನು ಸರಿಯಾದದ್ದನ್ನೇ ಕೊಟ್ಟಿದ್ದೆ” ಎಂದರು. ಪ್ರಕಾಶ್‌ಗಲ್ಲ, ನನಗೂ ಅಲ್ಲ.

ಆ ಸಾಧಾರಣ ಬೂಟು ಕೊನೆಗೂ ಸಿಗಲಿಲ್ಲ. ಅದನ್ನು ಅವರು ಯಾರಿಗೆ ಕೊಟ್ಟರೋ, ಎಲ್ಲಿಟ್ಟರೋ ನೆನಪಾಗಲಿಲ್ಲ. ಮುಂದಿನ ವರ್ಷ ಅಂಗಡಿ ಮುಚ್ಚಿದರು, ನಾನೂ ನಿವೃತ್ತಳಾದೆ. ಆದರೆ ಆ ಶನಿವಾರದ ಮಧ್ಯಾಹ್ನದಿಂದಲೇ ಅವರು ಮತ್ತೆ ತಾಮ್ರ ಮುಟ್ಟತೊಡಗಿದರು, ಮುಚ್ಚುವ ದಿನದವರೆಗೂ ಬಿಡಲಿಲ್ಲ.

ಆ ಶನಿವಾರ ಟೋಕನ್ ಕೆಳಗಿಟ್ಟ ಮೇಲೂ ಚಿಕ್ಕತಾಯಮ್ಮ ಬಾಯಿಂದ ಸೆರಗು ತೆಗೆದಿರಲಿಲ್ಲ. ಅವರು ನೋಡುತ್ತಿದ್ದದ್ದು ಟೋಕನನ್ನಲ್ಲ, ಮೇಜಿನ ಮೇಲಿದ್ದ ವಾಲ್ಟರ್ ಕೈಯನ್ನು.

“ಈಗ ಮಾತಾಡ್ಬೋದಾ?” ಎಂದು ನನ್ನನ್ನು ಕೇಳಿದರು. ಆಡಬಹುದು ಎಂದೆ.

“ತಪ್ಪಾಯ್ತು ಅನ್ನವ್ವ ಅವ್ರಿಗೆ. ಕೈ ಸೇದೋಗ್ಲಿ ಅಂದಿದ್ದೆ, ಅದ್ನೂ ಹೇಳು. ಅದ ಮುಚ್ಚಿಕ್ಕಬ್ಯಾಡ.”

ನಾನು ಎರಡನ್ನೂ ಹೇಳಿದೆ. ವಾಲ್ಟರ್ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಹಸಿರು ಜಿಡ್ಡಿನ ದಿನಗಳ ನಂತರ ಅವರು ಅಷ್ಟು ಗಂಭೀರವಾಗಿ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ನನ್ನ ಈ ನಡುಕ ಈ ತಾಯಿ ಈ ದೇಶಕ್ಕೆ ಬರುವ ಮೊದಲಿನದು, ಅವರ ಮಾತಿನಿಂದ ಬಂದದ್ದಲ್ಲ, ಹಾಗಂತ ಸರಿಯಾಗಿ ತಿಳಿಸು ಎಂದರು. ತಿಳಿಸಿದೆ.

 ಚಿಕ್ಕತಾಯಮ್ಮ ಮುಂದೆ ಬಂದು ಆ ಕೈಯನ್ನು ತಮ್ಮ ಎರಡು ಕೈಗಳಲ್ಲೂ ಹಿಡಿದುಕೊಂಡರು.

“ಆದ್ರೂ ಆ ಮಾತ ವಾಪಸ್ ತಕ್ಕಂಡಿವ್ನಿ ಅಂತ ಹೇಳು.”